ಒಂದು ಬಟನ್‌ಗೆ ಮೂರು ಡಬ್ಬಿ: ಬೇಡದ ಲೇಔಟ್ ಕಾಂಪೊನೆಂಟ್‌ಗಳನ್ನ ಲಿಂಟ್‌ನಲ್ಲಿ ಹಿಡಿಯೋದು ಹೇಗೆ?

ಡಬ್ಬಿಯೊಳಗೆಡಬ್ಬಿ

ರಿಯಾಕ್ಟ್ (ವೆಬ್ ಪರದೆ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಪ್ರಾಜೆಕ್ಟು. ಡಿಸೈನ್ ಸಿಸ್ಟಮ್‌ನಲ್ಲಿ ಬಾಕ್ಸ್, ಸ್ಟ್ಯಾಕ್, ಇನ್‌ಲೈನ್, ಗ್ರಿಡ್ ಅಂತ ನಾಲ್ಕು ಲೇಔಟ್ ಕಾಂಪೊನೆಂಟ್, ಅಂದ್ರೆ ಒಳಗಿನದನ್ನ ಜೋಡಿಸಿಡೋ ಡಬ್ಬಿಗಳು. ರಿವ್ಯೂಗೆ ಬರೋ ಕೋಡ್ ಹೆಚ್ಚುಕಮ್ಮಿ ಹೀಗಿರುತ್ತೆ (ಕನ್ನಡ ಅಕ್ಷರದಲ್ಲೇ ಬರೀತಿದೀನಿ, ಓದ್ಕೊಳಿ):

<ಸ್ಟ್ಯಾಕ್ ಗ್ಯಾಪ್="4">
  <ಬಾಕ್ಸ್>
    <ಸ್ಟ್ಯಾಕ್>
      <ಬಟನ್>ಉಳಿಸು</ಬಟನ್>
    </ಸ್ಟ್ಯಾಕ್>
  </ಬಾಕ್ಸ್>
</ಸ್ಟ್ಯಾಕ್>

ಗ್ಯಾಪ್ ಅಂದ್ರೆ ಎರಡು ಮಕ್ಕಳ ನಡುವಿನ ಜಾಗ. ಇರೋದೇ ಒಂದು ಮಗು, ಗ್ಯಾಪ್ ಯಾರ ಮಧ್ಯ? ಪ್ರತಿ ಸಲ ರಿವ್ಯೂನಲ್ಲಿ ಕೈಯಿಂದ ಬರೆಯೋ ಬದಲು ಇಎಸ್‌ಲಿಂಟ್‌ಗೆ (ಕೋಡ್ ಓಡಿಸದೇ ಓದಿ ತಪ್ಪು ಹಿಡಿಯೋ ‘ಲಿಂಟ್’ ಸಾಧನ) ಒಪ್ಪಿಸಬೇಕು. ಪ್ಲಗಿನ್ ಬರೆಯೋ ಮುಂಚೆ ‘ನೋ-ರಿಸ್ಟ್ರಿಕ್ಟೆಡ್-ಸಿಂಟ್ಯಾಕ್ಸ್’ ರೂಲ್‌ಗೆ ಒಂದು ಸೆಲೆಕ್ಟರ್ ಕೊಟ್ಟಾಯ್ತು: ಹೆಸರು ಸ್ಟ್ಯಾಕ್, ‘ಚಿಲ್ಡ್ರನ್.ಲೆಂಗ್ತ್=1’. ಮೇಲಿನ ಕೋಡ್‌ನಲ್ಲಿ ಒಂದನ್ನೂ ಹಿಡೀಲಿಲ್ಲ. ಸೆಲೆಕ್ಟರ್‌ನಲ್ಲಿ ತಪ್ಪೇನು?

ಸೆಮಿಕೋಲನ್_ಶಾಸ್ತ್ರಿ

ಸೆಲೆಕ್ಟರ್ ಸರಿಯಿದೆ, ಲೆಕ್ಕ ತಪ್ಪು. ಎಎಸ್‌ಟಿಯಲ್ಲಿ (ಕೋಡ್‌ನ ರಚನೆಯನ್ನು ತೋರಿಸುವ ಮರ) ಆ ಸ್ಟ್ಯಾಕ್‌ಗೆ ಇರುವುದು ಒಂದು ಮಗುವಲ್ಲ, ಮೂರು. ಆರಂಭದ ಟ್ಯಾಗ್ ಆದ ಮೇಲಿನ ಹೊಸಸಾಲು ಮತ್ತು ಇಂಡೆಂಟ್ ಸೇರಿ ಒಂದು ‘ಜೆಎಸ್‌ಎಕ್ಸ್‌ಟೆಕ್ಸ್ಟ್’ ನೋಡ್ (ಜೆಎಸ್‌ಎಕ್ಸ್ ಎಂದರೆ ಜಾವಾಸ್ಕ್ರಿಪ್ಟ್ ಒಳಗೆ ಟ್ಯಾಗ್ ಬರೆಯುವ ಈ ರೀತಿ), ಆಮೇಲೆ ಬಾಕ್ಸ್, ಆಮೇಲೆ ಮುಚ್ಚುವ ಟ್ಯಾಗ್‌ಗೆ ಮುಂಚಿನ ಹೊಸಸಾಲು ಇನ್ನೊಂದು ‘ಜೆಎಸ್‌ಎಕ್ಸ್‌ಟೆಕ್ಸ್ಟ್’. ಕಂಪೈಲ್ ಆಗುವಾಗ ಇವು ಬಿದ್ದುಹೋಗುತ್ತವೆ, ಆದರೆ ಲಿಂಟ್ ನೋಡುವುದು ಕಂಪೈಲ್‌ಗೆ ಮುಂಚಿನ ಮರವನ್ನು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು ನೋಡಿ, ನಿಮ್ಮ ಸೆಲೆಕ್ಟರ್ ಹಿಡಿಯುತ್ತದೆ.

ಸೆಲೆಕ್ಟರ್‌ನಲ್ಲೇ ಇದನ್ನು ಸರಿಮಾಡಲು ಹೋಗಬೇಡಿ. ಸ್ವಂತ ರೂಲ್ ಬರೆದು, ಮಕ್ಕಳನ್ನು ಮೊದಲು ಸೋಸಿ: ಬರೀ ಖಾಲಿ ಜಾಗ ಇದ್ದು ಅದರಲ್ಲಿ ಹೊಸಸಾಲು ಇದ್ದರೆ ಆ ಟೆಕ್ಸ್ಟ್ ನೋಡ್ ಬಿಡಿ. ಹೊಸಸಾಲು ಇಲ್ಲದ ಖಾಲಿ ಜಾಗ, ಅಂದರೆ ಒಂದೇ ಸಾಲಿನಲ್ಲಿ ಎರಡು ಟ್ಯಾಗ್ ನಡುವಿನ ಸ್ಪೇಸ್, ಕಂಪೈಲ್ ಆದ ಮೇಲೂ ಉಳಿಯುತ್ತದೆ. ಅದನ್ನು ಬಿಡಬಾರದು. ಜೊತೆಗೆ ಬ್ರೇಸ್ ಒಳಗೆ ಬರೀ ಕಾಮೆಂಟ್ ಇದ್ದರೆ ಅದು ‘ಜೆಎಸ್‌ಎಕ್ಸ್‌ಎಂಪ್ಟಿಎಕ್ಸ್‌ಪ್ರೆಶನ್’. ಅದೂ ಮಗುವಲ್ಲ.

ಮೂರನೇಬ್ರಾಕೆಟ್

ಒಂದು ಸೇರ್ಪಡೆ. ಸೋಸೋಕೆ ‘ಟ್ರಿಮ್’ ಬಳಸಬೇಡಿ. ಜಾವಾಸ್ಕ್ರಿಪ್ಟ್‌ನ ಟ್ರಿಮ್ ನಾನ್-ಬ್ರೇಕಿಂಗ್ ಸ್ಪೇಸನ್ನೂ ತೆಗೆಯುತ್ತೆ, ಜೆಎಸ್‌ಎಕ್ಸ್ ಕಂಪೈಲರ್ ತೆಗೆಯಲ್ಲ. ನೋಡ್‌ನ ‘ವ್ಯಾಲ್ಯೂ’ನಲ್ಲಿ ಎಂಟಿಟಿಗಳು ಆಗಲೇ ಬಿಡಿಸಿಕೊಂಡಿರುತ್ತವೆ, ಹಾಗಾಗಿ ಯಾರೋ ಬೇಕಂತಲೇ ಹಾಕಿದ ನಾನ್-ಬ್ರೇಕಿಂಗ್ ಸ್ಪೇಸ್ ನಿಮ್ಮ ರೂಲ್‌ಗೆ ‘ಖಾಲಿ’ ಅನ್ನಿಸಿಬಿಡುತ್ತೆ. ರೆಗೆಕ್ಸ್‌ನಲ್ಲಿ ಸ್ಪೇಸ್, ಟ್ಯಾಬ್, ಎರಡು ಥರದ ಹೊಸಸಾಲು, ಈ ನಾಲ್ಕನ್ನೇ ಬರೆಯಿರಿ.

ಸೊನ್ನೆಪಿಕ್ಸೆಲ್

ಒಂದು ಬಟನ್‌ಗೆ ಮೂರು ಡಬ್ಬಿ. ಮದುವೆ ಮನೆ ಉಡುಗೊರೆ ಪ್ಯಾಕಿಂಗ್ ಇದ್ದಂಗಿದೆ.

ಫ್ಲೆಕ್ಸ್‌ಪುರಾಣ

ಎಲ್ಲರೂ ಎಎಸ್‌ಟಿ ಎಣಿಸ್ತಾ ಕೂತಿದ್ದೀರಿ, ಸಿಎಸ್‌ಎಸ್ ಕಡೆ ಯಾರೂ ನೋಡ್ತಿಲ್ಲ. ಆ ಮೂರನ್ನೂ ತೆಗೆದ್ರೆ ಬಟನ್ ಅಗಲ ಬದಲಾಗುತ್ತೆ! ಸ್ಟ್ಯಾಕ್ ಅಂದ್ರೆ ಕಾಲಮ್ ಫ್ಲೆಕ್ಸ್ (ಮಕ್ಕಳನ್ನ ಮೇಲಿಂದ ಕೆಳಗೆ ಜೋಡಿಸೋ ಸಿಎಸ್‌ಎಸ್ ಲೇಔಟ್), ‘ಅಲೈನ್-ಐಟಮ್ಸ್’ ಸಹಜವಾಗಿ ಸ್ಟ್ರೆಚ್ ಥರ ನಡ್ಕೊಳತ್ತೆ. ಒಳಗಿನ ಬಟನ್ ಪೂರ್ತಿ ಅಗಲಕ್ಕೆ ಎಳೆದುಕೊಳ್ಳುತ್ತೆ. ಸ್ಟ್ಯಾಕ್ ತೆಗೆದ ತಕ್ಷಣ ಅದು ‘ಉಳಿಸು’ ಅನ್ನೋ ಪದದಷ್ಟಕ್ಕೆ ಕುಗ್ಗುತ್ತೆ. ‘ಡಿಸ್‌ಪ್ಲೇ: ಬ್ಲಾಕ್’ ಹಾಕಿದ್ರೂ ಬಟನ್ ಅಗಲ ಆಗಲ್ಲ. ಬ್ಲಾಕ್ ಆದ್ರೂ ಅದು ತನ್ನ ಒಳಗಿನ ಪಠ್ಯದಷ್ಟೇ ಅಗಲ ತಗೊಳ್ಳೋ ಜಾತಿ. ಮೊಬೈಲ್ ಪರದೆಯಲ್ಲಿ ಪೂರ್ತಿ ಅಗಲದ ಬಟನ್ ಬೇಕು ಅಂತ ಎಷ್ಟೋ ಜನ ಇದಕ್ಕೇ ಸ್ಟ್ಯಾಕ್ ಸುತ್ತಿರ್ತಾರೆ.

ಒಂಟಿ ಮಗು ಅಂದ್ರೆ ಬೇಡದ ಅಪ್ಪ ಅಂತ ಅಲ್ಲ. ಮೊದಲು ಅದನ್ನ ಒಪ್ಕೊಳಿ, ಆಮೇಲೆ ರೂಲ್ ಬರೀರಿ.

ಡಬ್ಬಿಯೊಳಗೆಡಬ್ಬಿ

ಸರಿ, ಒಳಗಿನ ಸ್ಟ್ಯಾಕ್ ಇರಲಿ. ಹೊರಗಿನ ಸ್ಟ್ಯಾಕ್, ಬಾಕ್ಸ್ ಎರಡೂ ಬೇಡ ತಾನೆ? ಬಾಕ್ಸ್‌ಗೆ ಒಂದು ಪ್ರಾಪ್ (ಟ್ಯಾಗ್‌ಗೆ ಕೊಡೋ ಗ್ಯಾಪ್ ಥರದ ಸೆಟ್ಟಿಂಗ್) ಕೂಡ ಇಲ್ಲ. ಅದು ಬರೀ ಡಿವ್, ಎಚ್‌ಟಿಎಂಎಲ್‌ನ ಸಾದಾ ಡಬ್ಬಿ.

ಫ್ಲೆಕ್ಸ್‌ಪುರಾಣ

ಅಲ್ಲಿ ನಿಮ್ಮ ಮಾತು ಸರಿ. ಒಳಗಿನ ಸ್ಟ್ಯಾಕ್ ತಾನೇ ಬ್ಲಾಕ್ ಮಟ್ಟದ ಫ್ಲೆಕ್ಸ್, ಹೊರಗಿನ ಎರಡನ್ನ ತೆಗೆದ್ರೂ ಅದು ಅಪ್ಪನ ಅಗಲ ತುಂಬುತ್ತೆ. ಮೂರರಲ್ಲಿ ಎರಡು ಹೋಗಬಹುದು. ಆದ್ರೆ ಇದೇ ತರ್ಕ ಇನ್‌ಲೈನ್‌ಗೆ, ಅಂದ್ರೆ ಅಡ್ಡಕ್ಕೆ ಜೋಡಿಸೋ ರೋ ಫ್ಲೆಕ್ಸ್‌ಗೆ, ನಡೆಯಲ್ಲ. ರೋ ಒಳಗಿನ ಒಂಟಿ ಮಗು ತನ್ನ ಒಳವಸ್ತುವಿನಷ್ಟೇ ಅಗಲ ತಗೊಳ್ಳತ್ತೆ. ಹೊರಗಿನ ರೋ ತೆಗೆದ್ರೆ ಆ ಮಗು ಪೂರ್ತಿ ಅಗಲಕ್ಕೆ ಹರಡ್ಕೊಳತ್ತೆ. ಒಳಗಿರೋದು ‘ಜಸ್ಟಿಫೈ: ಸ್ಪೇಸ್-ಬಿಟ್ವೀನ್’ ಇರೋ ಇನ್ನೊಂದು ರೋ ಆಗಿದ್ರೆ, ಅಕ್ಕಪಕ್ಕ ಇದ್ದ ಎರಡು ಐಕಾನ್ ಪರದೆಯ ಎರಡು ತುದಿಗೆ ಹೋಗಿ ನಿಲ್ತವೆ.

ಇನ್ನು ಮಾರ್ಜಿನ್. ಮೇಲಿನ ಪ್ಯಾರಾಗೆ ಕೆಳಗೆ 16 ಪಿಕ್ಸೆಲ್ ಮಾರ್ಜಿನ್, ಶೀರ್ಷಿಕೆಗೆ ಮೇಲೆ 24. ಶೀರ್ಷಿಕೆ ಸ್ಟ್ಯಾಕ್ ಒಳಗೆ ಇದ್ರೆ ಫ್ಲೆಕ್ಸ್ ಗೋಡೆ ದಾಟಿ ಮಾರ್ಜಿನ್ ಕೊಲ್ಯಾಪ್ಸ್ ಆಗಲ್ಲ (ಎರಡೂ ಒಂದಾಗಿ ಬೆರೆಯಲ್ಲ), ಒಟ್ಟು 40. ಸ್ಟ್ಯಾಕ್ ತೆಗೆದ್ರೆ ದೊಡ್ಡದು ಮಾತ್ರ ಉಳಿಯತ್ತೆ, 24. ಡಿಸೈನರ್ ಬಂದು ‘ಇಲ್ಲಿ 16 ಪಿಕ್ಸೆಲ್ ಎಲ್ಲಿ ಹೋಯ್ತು’ ಅಂತ ಕೇಳ್ತಾರೆ. ಲಿಂಟ್ ತಿಂತು ಅನ್ನಿ.

ಗೋಲಗುಮ್ಮಟ_ಎಕೋ

ಇದೇನ್ ಹೊಸಾ ಸಮಸ್ಯೆ ಅಲ್ರಿ. ಆಂಡ್ರಾಯ್ಡ್ ಲಿಂಟ್ ಒಳಗ ‘ಯೂಸ್‌ಲೆಸ್‌ಪೇರೆಂಟ್’ ಅಂತ ಮೊದಲಿಂದನೂ ಐತಿ. ಅದು ಬರೇ ಮಕ್ಕಳ್ನ ಎಣಿಸೂದಿಲ್ಲ. ಅಪ್ಪಗ ಬ್ಯಾಕ್‌ಗ್ರೌಂಡ್ ಇರಬಾರ್ದು, ಸ್ಕ್ರೋಲ್‌ವ್ಯೂ ಆಗಿರಬಾರ್ದು, ಮೂಲ ಲೇಔಟ್ ಆಗಿರಬಾರ್ದು, ಅಣ್ಣತಮ್ಮರು ಇರಬಾರ್ದು ಅಂತ ಇಷ್ಟೆಲ್ಲಾ ನೋಡಿದ ಮ್ಯಾಲೆ ಬಾಯಿ ಬಿಡತೈತಿ. ‘ಟೂಡೀಪ್‌ಲೇಔಟ್’ ಅಂತ ಇನ್ನೊಂದು, ಆಳ 10 ದಾಟಿದ್ರ ಎಚ್ಚರಿಕೆ.

ಫ್ಲಟರ್‌ನಾಗ ‘ಅವಾಯ್ಡ್_ಅನ್‌ನೆಸೆಸರಿ_ಕಂಟೇನರ್ಸ್’ ನೋಡ್ರಿ. ಕಂಟೇನರ್‌ಗೆ ಚೈಲ್ಡ್ ಬಿಟ್ಟು ಲೆಕ್ಕಕ್ಕ ಬರೂ ಪ್ಯಾರಾಮೀಟರ್ ಒಂದೂ ಇಲ್ಲಂದ್ರ ಮಾತ್ರ ಬೈತೈತಿ. ಒಂದು ಪ್ಯಾಡಿಂಗ್ ಇದ್ರೂ ಸುಮ್ನಿರತೈತಿ. ಅಷ್ಟ ಸಣ್ಣ ರೂಲ್ ಇದ್ದದ್ದಕ್ಕ ಜನ ಅದನ್ನ ಆಫ್ ಮಾಡೂದಿಲ್ಲ. ನೀವೂ ಪ್ರಾಪ್ ಪಟ್ಟಿ ಮಾಡಾಕ ಹೋದ್ರ ಹಂಗ ಮಾಡ್ರಿ: ‘ಇವು ಇದ್ರ ಬಿಡು’ ಅನ್ನೂ ಪಟ್ಟಿ ಬ್ಯಾಡ, ‘ಇವು ಮಾತ್ರ ಇದ್ರ ಹಿಡಿ’ ಅನ್ನೂ ಪಟ್ಟಿ.

ಸೆಮಿಕೋಲನ್_ಶಾಸ್ತ್ರಿ

ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಡಿಸೈನ್ ಸಿಸ್ಟಮ್‌ಗೆ ನಾಳೆ ‘ಸ್ಟಿಕಿ’ ಅಂತ ಹೊಸ ಪ್ರಾಪ್ ಬಂದರೆ, ‘ಇದ್ದರೆ ಬಿಡು’ ಪಟ್ಟಿಗೆ ಅದನ್ನು ಸೇರಿಸಲು ಯಾರೂ ನೆನಪಿಡುವುದಿಲ್ಲ. ‘ಇವು ಮಾತ್ರ’ ಪಟ್ಟಿಯಲ್ಲಿ ಸ್ಟ್ಯಾಕ್‌ಗೆ ಗ್ಯಾಪ್ ಮತ್ತು ಕೀ (ಪಟ್ಟಿಯ ಸಾಲುಗಳನ್ನು ರಿಯಾಕ್ಟ್ ಬೇರೆಬೇರೆಯಾಗಿ ತಿಳಿಯಲು ಕೊಡುವ ಗುರುತು), ಬಾಕ್ಸ್‌ಗೆ ಕೀ ಮಾತ್ರ. ಇವಲ್ಲದೆ ರೆಫ್, ರೋಲ್, ಏರಿಯಾ, ಟೆಸ್ಟ್‌ಐಡಿ, ಕ್ಲಾಸ್‌ನೇಮ್, ಇವೆಂಟ್ ಹ್ಯಾಂಡ್ಲರ್ ಏನೇ ಒಂದಿದ್ದರೂ ರೂಲ್ ಅಲ್ಲೇ ಹಿಂದಿರುಗಬೇಕು. ಪ್ರಾಪ್‌ಗಳ ಗುಂಪನ್ನೇ ಸುರಿಯುವ ಮೂರು ಚುಕ್ಕಿಯ ಸ್ಪ್ರೆಡ್ ಇದ್ದರಂತೂ ಒಳಗೆ ಏನು ಬರುತ್ತದೆ ಎಂದು ತಿಳಿಯುವ ದಾರಿಯೇ ಇಲ್ಲ.

ಮೂರನೇಬ್ರಾಕೆಟ್

ಮಗು ಯಾವ ಜಾತಿ ಅನ್ನೋದು ಇನ್ನೂ ದೊಡ್ಡ ಗುಂಡಿ. ಫಿಲ್ಟರ್ ಆದ ಮೇಲೆ ಒಂದೇ ಉಳೀತು ಅಂದ್ಕೊಳಿ:

ಬ್ರೇಸ್ ಒಳಗಿನ ಎಕ್ಸ್‌ಪ್ರೆಶನ್ ಆದ್ರೆ ಮುಟ್ಟಬೇಡಿ. ‘ಐಟಮ್ಸ್.ಮ್ಯಾಪ್’ ಎಎಸ್‌ಟಿಯಲ್ಲಿ ಒಂದೇ ನೋಡ್, ಪರದೆ ಮೇಲೆ ಐವತ್ತು ಸಾಲು. ‘ಚಿಲ್ಡ್ರನ್’ ಕೂಡ ಹಾಗೇ. ಫ್ರಾಗ್ಮೆಂಟ್ (ತಾನು ಡಬ್ಬಿ ಆಗದೇ ಮಕ್ಕಳನ್ನ ಗುಂಪು ಮಾಡೋ ಟ್ಯಾಗ್) ಆದ್ರೆ ಅದರ ಒಳಗೆ ಇಳಿದು ಅಲ್ಲಿನ ಮಕ್ಕಳನ್ನ ಇದೇ ಸೋಸುವಿಕೆಯಿಂದ ಎಣಿಸಿ, ಯಾಕಂದ್ರೆ ಫ್ರಾಗ್ಮೆಂಟ್‌ನ ಮಕ್ಕಳೇ ಸ್ಟ್ಯಾಕ್‌ನ ನೇರ ಫ್ಲೆಕ್ಸ್ ಐಟಮ್‌ಗಳು. ಸಣ್ಣಕ್ಷರದ ಟ್ಯಾಗ್ ಆದ್ರೆ ಖಂಡಿತ ಒಂದೇ ಡಾಮ್ ನೋಡ್ (ಬ್ರೌಸರ್ ಕಟ್ಟೋ ಪುಟದ ಮರದ ಒಂದು ತುಂಡು). ದೊಡ್ಡಕ್ಷರದ ಕಾಂಪೊನೆಂಟ್ ಆದ್ರೆ? ‘ಫಾರ್ಮ್‌ಫೀಲ್ಡ್ಸ್’ ಅನ್ನೋ ಕಾಂಪೊನೆಂಟ್ ಒಳಗಿಂದ ಫ್ರಾಗ್ಮೆಂಟ್‌ನಲ್ಲಿ ಐದು ಇನ್‌ಪುಟ್ ಹಿಂದಿರುಗಿಸಿದ್ರೆ ಸ್ಟ್ಯಾಕ್‌ನ ಗ್ಯಾಪ್ ಆ ಐದಕ್ಕೂ ಬೀಳುತ್ತೆ. ಲಿಂಟ್‌ಗೆ ಒಂದು ಫೈಲ್ ಮಾತ್ರ ಕಾಣೋದು, ಆ ಕಾಂಪೊನೆಂಟ್ ಬೇರೆ ಫೈಲ್‌ನಲ್ಲಿ. ಹಾಗಾಗಿ ದೊಡ್ಡಕ್ಷರದವು ಅಂದ್ರೆ ಬಿಡಿ, ಡಿಸೈನ್ ಸಿಸ್ಟಮ್‌ನದ್ದೇ ಆದ, ಒಂದೇ ಬೇರು ಅಂತ ಖಚಿತವಾಗಿರೋ ಬಾಕ್ಸ್, ಸ್ಟ್ಯಾಕ್‌ನಂಥವನ್ನ ಮಾತ್ರ ಆಪ್ಷನ್‌ನಲ್ಲಿ ಪಟ್ಟಿ ಕೊಡಿ.

ಸ್ಟ್ಯಾಕ್ ಅನ್ನೋ ಹೆಸರನ್ನೂ ನಂಬಬೇಡಿ. ಬೇರೆ ಹೆಸರಿಟ್ಟು ಇಂಪೋರ್ಟ್ ಮಾಡಿರ್ತಾರೆ, ಇಲ್ಲಾ ಡೇಟಾ ಸ್ಟ್ರಕ್ಚರ್ ಡೆಮೋಗೆ ಇನ್ನೊಂದು ಸ್ಟ್ಯಾಕ್ ಕಾಂಪೊನೆಂಟ್ ಇರತ್ತೆ. ‘ಸೋರ್ಸ್‌ಕೋಡ್.ಗೆಟ್‌ಸ್ಕೋಪ್’ಗೆ ನೋಡ್ ಕೊಟ್ಟು, ವೇರಿಯಬಲ್ ಹುಡುಕಿ, ಅದರ ಡೆಫಿನಿಷನ್ ಇಂಪೋರ್ಟ್ ಬೈಂಡಿಂಗ್ ಆಗಿದೆಯಾ, ಪ್ಯಾಕೇಜ್ ಹೆಸರು ನಿಮ್ಮದೇನಾ ಅಂತ ನೋಡಿ. ಹಳೇ ಬ್ಲಾಗ್‌ಗಳಲ್ಲಿರೋ ‘ಕಾಂಟೆಕ್ಸ್ಟ್.ಗೆಟ್‌ಸ್ಕೋಪ್’ ಇಎಸ್‌ಲಿಂಟ್ 9ರಲ್ಲಿ ಇಲ್ಲ, ಅದನ್ನ ನಕಲು ಮಾಡಿದ್ರೆ ರೂಲ್ ಓಡುವಾಗಲೇ ಬೀಳುತ್ತೆ.

ಸೊನ್ನೆಪಿಕ್ಸೆಲ್

ಇಷ್ಟೆಲ್ಲಾ ಬಿಟ್ಟುಬಿಟ್ಟು ಕೊನೆಗೆ ಹಿಡಿಯೋದು ಏನನ್ನ?

ಮೂರನೇಬ್ರಾಕೆಟ್

ಪ್ರಾಪ್ ಇಲ್ಲದ ಬಾಕ್ಸ್ ಒಳಗೆ ಒಂಟಿ ಬಾಕ್ಸ್ ಅಥವಾ ಸ್ಟ್ಯಾಕ್. ಗ್ಯಾಪ್ ಬಿಟ್ಟು ಬೇರೇನೂ ಇಲ್ಲದ ಸ್ಟ್ಯಾಕ್ ಒಳಗೆ ಒಂಟಿ ಸ್ಟ್ಯಾಕ್. ಒಳಗಿರೋದಕ್ಕೆ ಅಗಲ, ಮಾರ್ಜಿನ್, ‘ಅಲೈನ್-ಸೆಲ್ಫ್’, ‘ಫ್ಲೆಕ್ಸ್’ ಥರದ ಪ್ರಾಪ್ ಇರಬಾರದು, ಅವು ಅಪ್ಪನ ಜೊತೆ ಮಾತಾಡೋ ಪ್ರಾಪ್‌ಗಳು, ಅಪ್ಪ ಬದಲಾದ್ರೆ ಅರ್ಥ ಬದಲಾಗುತ್ತೆ. ಇಷ್ಟೇ. ಕೇಳೋಕೆ ಕಮ್ಮಿ ಅನ್ನಿಸಬಹುದು, ಕಾಪಿ-ಪೇಸ್ಟ್ ಆದ ಕೋಡ್‌ನಲ್ಲಿ ಸಿಗೋ ಕಸದಲ್ಲಿ ಹೆಚ್ಚಿನದು ಇದೇ.

ಫ್ಲೆಕ್ಸ್‌ಪುರಾಣ

ಇದಕ್ಕೆ ನನ್ನ ತಕರಾರಿಲ್ಲ. ಒಂದು ಮರೆತಿರಿ: ಅಪ್ಪನ ಅಪ್ಪ. ಡಿಸೇಬಲ್ ಆದ ಬಟನ್ ಮೌಸ್ ಇವೆಂಟ್ ಕೊಡಲ್ಲ, ಅದಕ್ಕೇ ಟೂಲ್‌ಟಿಪ್ ಬರಲಿ ಅಂತ ನಡುವೆ ಒಂದು ಬಾಕ್ಸ್ ಸುತ್ತೋದು ವಾಡಿಕೆ. ಮೆಟೀರಿಯಲ್ ಯುಐ ದಾಖಲೆಯೇ ಅಲ್ಲೊಂದು ಸ್ಪ್ಯಾನ್ ಸುತ್ತಿ ಅನ್ನುತ್ತೆ. ಬರೀ ಡಿವ್ ಥರ ಕಾಣೋ ಆ ಬಾಕ್ಸ್ ತೆಗೆದ್ರೆ ಟೂಲ್‌ಟಿಪ್ ಸತ್ತುಹೋಗತ್ತೆ, ಯಾವ ಎರರೂ ಬರದೇ ಇರಬಹುದು. ಬಾಕ್ಸ್‌ನ ಅಪ್ಪ ಟೂಲ್‌ಟಿಪ್, ಟ್ರಿಗರ್, ಟ್ಯಾಬ್ಸ್ ಥರ ಮಕ್ಕಳನ್ನ ಕ್ಲೋನ್ ಮಾಡೋ ಕಾಂಪೊನೆಂಟ್ ಆಗಿದ್ರೆ ಸುಮ್ನಿರಬೇಕು.

ಡಬ್ಬಿಯೊಳಗೆಡಬ್ಬಿ

ಟೂಲ್‌ಟಿಪ್ ಕೇಸ್ ತಲೆಗೇ ಹೊಳೆದಿರಲಿಲ್ಲ. ಆಟೋಫಿಕ್ಸ್, ಅಂದ್ರೆ ಲಿಂಟೇ ಕೋಡ್ ತಿದ್ದೋ ಹಾಗೆ, ಕೊಡಬಹುದಾ? ಅಪ್ಪನ ಪಠ್ಯ ಇರೋ ಜಾಗಕ್ಕೆ ಮಗುವಿನ ಪಠ್ಯ ಹಾಕಿದ್ರೆ ಮುಗೀತಲ್ಲ, ಒಂದೇ ಸಾಲಿನ ‘ರಿಪ್ಲೇಸ್‌ಟೆಕ್ಸ್ಟ್’.

ಸೆಮಿಕೋಲನ್_ಶಾಸ್ತ್ರಿ

ಆ ಒಂದು ಸಾಲಿನಲ್ಲಿ ಮೂರು ವಸ್ತು ಕಳೆದುಹೋಗುತ್ತವೆ.

ಮೊದಲನೆಯದು ಕೀ. ಮ್ಯಾಪ್ ಒಳಗಿನ ಸ್ಟ್ಯಾಕ್‌ಗೆ ಕೀ ಇದ್ದರೆ ಅದನ್ನು ಮಗುವಿಗೆ ಸಾಗಿಸಬೇಕು. ಮಗುವಿಗೆ ಆಗಲೇ ಒಂದು ಕೀ ಇದ್ದರೆ ಸುಮ್ಮನೆ ವರದಿ ಮಾಡಿ, ತಿದ್ದಬೇಡಿ. ಎರಡನೆಯದು ಕಾಮೆಂಟ್. ಅಪ್ಪನಿಗೂ ಮಗುವಿಗೂ ನಡುವೆ ಬ್ರೇಸ್ ಒಳಗೆ ‘ಸಫಾರಿ ಬಗ್‌ಗಾಗಿ ಈ ಡಬ್ಬಿ’ ಎಂದು ಯಾರಾದರೂ ಬರೆದಿದ್ದರೆ ಅದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ‘ಗೆಟ್‌ಕಾಮೆಂಟ್ಸ್‌ಇನ್‌ಸೈಡ್’ನಿಂದ ಅಪ್ಪನ ಒಳಗಿನ ಕಾಮೆಂಟ್ ತೆಗೆದುಕೊಂಡು, ಮಗುವಿನ ರೇಂಜ್‌ನ ಹೊರಗೆ ಒಂದಾದರೂ ಇದ್ದರೆ ತಿದ್ದಬೇಡಿ. ಮೂರನೆಯದು ಇಂಪೋರ್ಟ್. ಫೈಲ್‌ನ ಕೊನೆಯ ಸ್ಟ್ಯಾಕ್ ಹೋದರೆ ಮೇಲಿನ ಇಂಪೋರ್ಟ್ ಅನಾಥ. ‘ನೋ-ಅನ್‌ಯೂಸ್ಡ್-ವಾರ್ಸ್’ ದೂರು ಕೊಡುತ್ತದೆ, ಸಿಐ (ಕೋಡ್ ಸೇರಿಸುವಾಗ ತಾನಾಗಿ ನಡೆಯುವ ತಪಾಸಣೆ) ಕೆಂಪಾಗುತ್ತದೆ.

ಇಷ್ಟಾದ ಮೇಲೂ ‘ಫಿಕ್ಸ್’ ಬದಲು ‘ಸಜೆಶನ್’ ಕೊಡಿ. ರೂಲ್‌ನ ಮೆಟಾದಲ್ಲಿ ‘ಹ್ಯಾಸ್‌ಸಜೆಶನ್ಸ್’ ಟ್ರೂ ಎಂದಿಡಿ. ಕಮಾಂಡ್ ಲೈನ್‌ನ ಫಿಕ್ಸ್ ಇದನ್ನು ಮುಟ್ಟುವುದಿಲ್ಲ, ಎಡಿಟರ್‌ನಲ್ಲಿ ಬಲ್ಬ್ ಒತ್ತಿದವರಿಗೆ ಮಾತ್ರ ಬದಲಾಗುತ್ತದೆ. ಒತ್ತಿದವರು ಪರದೆ ನೋಡುತ್ತಾರೆ ಎಂಬ ಆಸೆ.

ಗೋಲಗುಮ್ಮಟ_ಎಕೋ

ಬಾಕ್ಸ್ ಒಳಗ ಬಾಕ್ಸ್ ಕೇಸಿಗೆ ಫಿಕ್ಸ್ ಕೊಟ್ರ ಏನ್ ತಪ್ಪ್ರಿ? ಪ್ರಾಪ್ ಇಲ್ಲದ ಡಿವ್ ಒಳಗ ಡಿವ್. ಒಂದರೊಳಗೊಂದು ಇದ್ರೂ ಚಿಂತಿಲ್ಲ, ಇಎಸ್‌ಲಿಂಟ್ ಒಂದರ ಮ್ಯಾಲೊಂದು ಬೀಳೂ ಫಿಕ್ಸ್‌ಗಳ್ನ ಒಮ್ಮೆಗೇ ಹಾಕೂದಿಲ್ಲ, ಮತ್ತ ಓಡಿಸಿ 10 ಸುತ್ತಿನ ತನಕ ನೋಡತೈತಿ.

ಫ್ಲೆಕ್ಸ್‌ಪುರಾಣ

ಸಿಎಸ್‌ಎಸ್ ಫೈಲ್‌ನಲ್ಲಿ ‘.ಕಾರ್ಡ್ > ಡಿವ್ > ಡಿವ್’ ಅಂತ ಯಾರೋ ಪುಣ್ಯಾತ್ಮ ಬರೆದಿದ್ರೆ ತಪ್ಪು. ಅದೂ ಲಿಂಟ್‌ಗೆ ಕಾಣಲ್ಲ.

ಗೋಲಗುಮ್ಮಟ_ಎಕೋ

ಆ ಪುಣ್ಯಾತ್ಮಗ ಬ್ಯಾರೆ ರೂಲ್ ಬರೀಬೇಕ್ರಿ.

ಪದರತೆಗೆ

ಯಾಕಿಷ್ಟು ಕಷ್ಟ? ಡಿವ್ ಎರಡು ಜಾಸ್ತಿ ಇದ್ರೆ ಬ್ರೌಸರ್ ಏನು ಅಳುತ್ತಾ?

ಮೂರನೇಬ್ರಾಕೆಟ್

ಎರಡಕ್ಕೆ ಅಳಲ್ಲ. 200 ಸಾಲಿನ ಟೇಬಲ್, ಸಾಲಿಗೆ 6 ಸೆಲ್, ಸೆಲ್‌ಗೆ 2 ಡಬ್ಬಿ ಜಾಸ್ತಿ ಅಂದ್ರೆ 2400 ನೋಡ್. ಪುಟ ಅಳೆಯೋ ಸಾಧನ ಲೈಟ್‌ಹೌಸ್‌ನ ಡಾಮ್ ಗಾತ್ರದ ತಪಾಸಣೆ ಸುಮಾರು 800 ನೋಡ್‌ಗೆ ಎಚ್ಚರಿಕೆ, 1400ಕ್ಕೆ ಕೆಂಪು ಕೊಡ್ತಿತ್ತು. ಬರೀ ಕಸದಲ್ಲೇ ಆ ಗೆರೆ ದಾಟಿದ ಹಾಗಾಯ್ತು. ಒಂದು ಕ್ಲಿಕ್‌ಗೆ ಸ್ಟೈಲ್ ಮತ್ತು ಲೇಔಟ್ ಮರುಲೆಕ್ಕ ಆಗುವಾಗ ಈ ನೋಡ್‌ಗಳೂ ಲೆಕ್ಕಕ್ಕೆ ಬರ್ತವೆ. 2024ರ ಮಾರ್ಚ್‌ನಿಂದ ಗೂಗಲ್‌ನ ಪುಟದ ಅಳತೆಗಳಾದ ಕೋರ್ ವೆಬ್ ವೈಟಲ್ಸ್‌ನಲ್ಲಿ ಐಎನ್‌ಪಿ (ಕ್ಲಿಕ್‌ಗೆ ಪುಟ ಎಷ್ಟು ಬೇಗ ಸ್ಪಂದಿಸುತ್ತೆ ಅನ್ನೋ ಅಳತೆ) ಬಂದ ಮೇಲೆ ಅದು ಅಂಕದಲ್ಲೂ ಕಾಣುತ್ತೆ.

ಫ್ಲೆಕ್ಸ್‌ಪುರಾಣ

ಆ ಟೇಬಲ್‌ಗೆ ಬೇಕಿರೋದು ವರ್ಚುವಲೈಸೇಶನ್ (ಪರದೆಯಲ್ಲಿ ಕಾಣೋ ಸಾಲುಗಳನ್ನ ಮಾತ್ರ ಕಟ್ಟೋದು), ಲಿಂಟ್ ಅಲ್ಲ. ರೂಲ್‌ನ ಲಾಭ ಓದೋರಿಗೆ. ಡೆವ್‌ಟೂಲ್ಸ್‌ನಲ್ಲಿ 14 ಡಿವ್ ಬಿಚ್ಚಿ ಕೊನೆಗೆ ಒಂದು ಐಕಾನ್ ಸಿಗೋ ಸಂಕಟ ತಪ್ಪತ್ತೆ.

ಸೆಮಿಕೋಲನ್_ಶಾಸ್ತ್ರಿ

ಇಬ್ಬರ ಮಾತೂ ನಿಲ್ಲುತ್ತದೆ. ಕಸ ಎಷ್ಟಿದೆ ಎಂದು ಮೊದಲು ಅಳೆಯಬೇಕೆಂದರೆ, ಓಡುತ್ತಿರುವ ಪುಟದ ಕನ್ಸೋಲ್‌ನಲ್ಲಿ ‘ಡಿವ್ > ಡಿವ್:ಓನ್ಲಿ-ಚೈಲ್ಡ್’ ಸೆಲೆಕ್ಟರ್‌ನ ‘ಕ್ವೆರಿಸೆಲೆಕ್ಟರ್‌ಆಲ್’ ಲೆಂಗ್ತ್ ನೋಡಿ. ಓನ್ಲಿ-ಚೈಲ್ಡ್ ಪಠ್ಯದ ನೋಡ್‌ಗಳನ್ನು ಎಣಿಸುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ಬರೀ ಪಠ್ಯವಿರುವ ಡಿವ್ ಕೂಡ ಸೇರಿಕೊಳ್ಳುತ್ತದೆ. ಅಂದಾಜಿಗೆ ಸಾಕು. ಲಿಂಟ್‌ಗೆ ಕಾಣದ, ಎರಡು ಫೈಲ್‌ಗಳ ನಡುವಿನ ಡಬ್ಬಿಗಳೂ ಇಲ್ಲಿ ಸಿಗುತ್ತವೆ.

ಈ ಚಾಳಿಯ ಬೇರು ಹಳೆಯದು. ರಿಯಾಕ್ಟ್ 16ಕ್ಕೆ ಮುಂಚೆ ರೆಂಡರ್ ಒಂದೇ ಬೇರನ್ನು ಹಿಂದಿರುಗಿಸಬೇಕಿತ್ತು, ಎರಡು ಎಲಿಮೆಂಟ್ ಎಂದರೆ ಡಿವ್ ಸುತ್ತಲೇಬೇಕಿತ್ತು. 2017ರ ನವೆಂಬರ್‌ನಲ್ಲಿ 16.2 ಬಂದಾಗ ಖಾಲಿ ಟ್ಯಾಗ್‌ನ ಫ್ರಾಗ್ಮೆಂಟ್ ಬಂತು. ಕೈ ಮಾತ್ರ ಇನ್ನೂ ಡಿವ್ ಎಂದೇ ಟೈಪ್ ಮಾಡುತ್ತದೆ.

ಪದರತೆಗೆ

ಹಂಗಾದ್ರೆ ಫ್ರಾಗ್ಮೆಂಟ್‌ಗೂ ರೂಲ್ ಇದೆ ತಾನೆ?

ಮೂರನೇಬ್ರಾಕೆಟ್

ರಿಯಾಕ್ಟ್ ಪ್ಲಗಿನ್‌ನಲ್ಲಿ ‘ಜೆಎಸ್‌ಎಕ್ಸ್-ನೋ-ಯೂಸ್‌ಲೆಸ್-ಫ್ರಾಗ್ಮೆಂಟ್’. ರೆಕಮೆಂಡೆಡ್ ಸೆಟ್‌ನಲ್ಲಿಲ್ಲ, ಕೈಯಿಂದ ಆನ್ ಮಾಡಬೇಕು. ಟೈಪ್‌ಸ್ಕ್ರಿಪ್ಟ್ ಇದ್ರೆ ‘ಅಲೌಎಕ್ಸ್‌ಪ್ರೆಶನ್ಸ್’ ಕೊಡಿ, ಇಲ್ಲಾಂದ್ರೆ ಚಿಲ್ಡ್ರನ್ ಮಾತ್ರ ಇರೋ ಫ್ರಾಗ್ಮೆಂಟನ್ನೂ ಬೈಯುತ್ತೆ. ಬಯೋಮ್‌ನಲ್ಲಿ ‘ನೋಯೂಸ್‌ಲೆಸ್‌ಫ್ರಾಗ್ಮೆಂಟ್ಸ್’, ವ್ಯೂನಲ್ಲಿ ‘ನೋ-ಲೋನ್-ಟೆಂಪ್ಲೇಟ್’. ಇವೆಲ್ಲಾ ಸುಲಭದ ಕೇಸ್, ಫ್ರಾಗ್ಮೆಂಟ್‌ಗೆ ಡಾಮ್ ಇಲ್ಲ, ಸಿಎಸ್‌ಎಸ್ ಇಲ್ಲ. ಸ್ಟ್ಯಾಕ್‌ಗೆ ಎರಡೂ ಇದೆ.

ಕಾಗುಣಿತ

ವಿಷಯಾಂತರ ಕ್ಷಮಿಸಿ, ಕನ್ನಡ ಯುಐ ಮಾಡೋರಿಗೆ ಒಂದು ಮಾತು. ‘ಲೈನ್-ಹೈಟ್’ 1.2, ‘ಓವರ್‌ಫ್ಲೋ: ಹಿಡನ್’ ಇರೋ ಶೀರ್ಷಿಕೆಯಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಬರೆದು ನೋಡಿ. ಕೆಳಗಿನ ಒತ್ತಕ್ಷರದ ಕಾಲು ಕತ್ತರಿಸಿಹೋಗತ್ತೆ. ಲ್ಯಾಟಿನ್ ಅಕ್ಷರಕ್ಕೆ ಅಳೆದ ಡಬ್ಬಿಯಲ್ಲಿ ಎರಡು ಒತ್ತಿಗೆ ಜಾಗವಿಲ್ಲ. ಅದಕ್ಕೆ ಜನ ಒಳಗೊಂದು ಬಾಕ್ಸ್ ಸುತ್ತಿ ಕೆಳಗೆ 4 ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟಿರ್ತಾರೆ. ಇಂಗ್ಲಿಷ್ ಪರದೆ ನೋಡಿದವರಿಗೆ ಆ ಬಾಕ್ಸ್ ಬೇಡದ್ದೇ. ಪ್ಯಾಡಿಂಗ್ ಪ್ರಾಪ್ ಇರೋದ್ರಿಂದ ನಿಮ್ಮ ರೂಲ್ ಬಿಡತ್ತೆ, ಆದ್ರೆ ಕ್ಲೀನಪ್ ಅಂತ ಕೈಯಿಂದ ತೆಗೆಯೋರು ಬಿಡಲ್ಲ. ಸರಿಯಾದ ಮದ್ದು ಕನ್ನಡಕ್ಕೆ ಲೈನ್-ಹೈಟ್ 1.5ರ ಮೇಲಿಡೋದು. ಪುಟದ ಭಾಷೆ ಹೇಳೋ ‘ಲ್ಯಾಂಗ್’ ಕೆಎನ್ ಇದ್ದಾಗ ಡಿಸೈನ್ ಸಿಸ್ಟಮ್‌ನ ಟೋಕನ್‌ನಲ್ಲೇ (ಹೆಸರಿಟ್ಟ ಅಳತೆ) ಬದಲಾಯಿಸಿ, ಬಾಕ್ಸ್ ತಾನಾಗೇ ಬೇಡವಾಗತ್ತೆ.

ಸೊನ್ನೆಪಿಕ್ಸೆಲ್

ರೂಲ್ ಸಂದೇಶವನ್ನೂ ಕನ್ನಡದಲ್ಲೇ ಬರೀರಿ: ‘ಈ ಸ್ಟ್ಯಾಕ್‌ಗೆ ಕೆಲಸವಿಲ್ಲ’.

ಕಾಗುಣಿತ

ಬರೀಬಹುದು, ಸಂದೇಶ ಬರೀ ಸ್ಟ್ರಿಂಗ್. ಎಡಿಟರ್‌ನಲ್ಲಿ ಚಂದ ಕಾಣತ್ತೆ. ಟರ್ಮಿನಲ್‌ನಲ್ಲಿ ಎಲ್ಲಾ ಅಕ್ಷರಕ್ಕೂ ಒಂದೇ ಅಗಲದ ಕೋಣೆ, ಅಲ್ಲಿ ಒತ್ತು, ಗುಣಿತ ಚೆಲ್ಲಾಪಿಲ್ಲಿ. ಸಿಐ ಲಾಗ್ ಓದೋರಿಗೆ ಪಾಪ ಬೇಡ.

ಡಬ್ಬಿಯೊಳಗೆಡಬ್ಬಿ

ರೂಲ್‌ನ ಮೊದಲ ಆವೃತ್ತಿ ಸಿದ್ಧ. ಒಂಟಿ ಬಾಕ್ಸ್ ಒಳಗಿನ ಬಾಕ್ಸ್‌ಗೆ ಮತ್ತು ಸ್ಟ್ಯಾಕ್ ಒಳಗಿನ ಸ್ಟ್ಯಾಕ್‌ಗೆ ಎರರ್, ಸ್ಟ್ಯಾಕ್ ಒಳಗಿನ ಸಣ್ಣಕ್ಷರದ ಟ್ಯಾಗ್‌ಗೆ ಬರೀ ವಾರ್ನಿಂಗ್. ಹಳೇ ಕೋಡ್‌ನಲ್ಲಿ ನೂರಾರು ಕಡೆ ಕೆಂಪು ಬಂತು. ಎಲ್ಲಾ ಒಂದೇ ಪಿಆರ್‌ನಲ್ಲಿ (ರಿವ್ಯೂಗೆ ಕಳಿಸೋ ಬದಲಾವಣೆಯ ಕಟ್ಟು) ಸರಿಮಾಡೋದಾ?

ಸೆಮಿಕೋಲನ್_ಶಾಸ್ತ್ರಿ

ಬೇಡ. ಒಂದು ತಿದ್ದುಪಡಿ ಮೊದಲು: ಒಂದೇ ರೂಲ್‌ಗೆ ಎರಡು ತೀವ್ರತೆ ಕೊಡಲಾಗುವುದಿಲ್ಲ. ಎರರ್, ವಾರ್ನಿಂಗ್ ರೂಲ್‌ನ ಮಟ್ಟದಲ್ಲಿ ಮಾತ್ರ. ಅದನ್ನು ಎರಡು ರೂಲ್ ಆಗಿ ಒಡೆಯಿರಿ, ಸೋಸುವ ಫಂಕ್ಷನ್ ಹಂಚಿಕೊಳ್ಳಿ.

ಹಳೆಯದಕ್ಕೆ ಇಎಸ್‌ಲಿಂಟ್ 9.24ರಿಂದ ‘ಸಪ್ರೆಸ್-ರೂಲ್’ ಇದೆ. ಎರರ್ ರೂಲ್‌ನ ಹೆಸರು ಕೊಟ್ಟು ಒಮ್ಮೆ ಓಡಿಸಿದರೆ ಈಗಿರುವ ತಪ್ಪುಗಳ ಲೆಕ್ಕ ಒಂದು ಜೇಸನ್ ಫೈಲ್‌ನಲ್ಲಿ ಕೂರುತ್ತದೆ, ಅದನ್ನು ಕಮಿಟ್ ಮಾಡಿ. ಹೊಸ ತಪ್ಪು ಮಾತ್ರ ಸಿಐ ತಡೆಯುತ್ತದೆ. ವಾರ್ನಿಂಗ್‌ಗೆ ಇದು ಅನ್ವಯಿಸುವುದಿಲ್ಲ. ಹಳೆಯದನ್ನು ಸರಿಮಾಡಿದಾಗ ‘ಪ್ರೂನ್-ಸಪ್ರೆಶನ್ಸ್’ ಓಡಿಸಿ ಲೆಕ್ಕ ಇಳಿಸಿ.

ಫ್ಲೆಕ್ಸ್‌ಪುರಾಣ

ಸರಿಮಾಡೋ ಪಿಆರ್‌ಗಳನ್ನ ಪರದೆ ಲೆಕ್ಕದಲ್ಲಿ ಒಡೀರಿ, ಫೋಲ್ಡರ್ ಲೆಕ್ಕದಲ್ಲಿ ಅಲ್ಲ. ಡಾಮ್ ಸ್ನ್ಯಾಪ್‌ಶಾಟ್ ಟೆಸ್ಟ್ ಎಲ್ಲಾ ಬೀಳ್ತವೆ, ಅದು ಏನೂ ಹೇಳಲ್ಲ, ಡಿವ್ ಹೋಗಿದೆ ಅಂತ ನಮಗೇ ಗೊತ್ತು. ಚಿತ್ರದ ಹೋಲಿಕೆ ಟೆಸ್ಟ್ ಬೇಕು, 360 ಮತ್ತು 1280 ಪಿಕ್ಸೆಲ್ ಅಗಲದಲ್ಲಿ. ರೋ, ಕಾಲಮ್ ಅಗಲದ ಪ್ರಕಾರ ಬದಲಾಗೋ ಕಡೆ ಒಂದರಲ್ಲಿ ಸರಿ ಇದ್ದು ಇನ್ನೊಂದರಲ್ಲಿ ಒಡೆಯತ್ತೆ.

ಮೂರನೇಬ್ರಾಕೆಟ್

ರೂಲ್ ಪರೀಕ್ಷಿಸೋ ರೂಲ್‌ಟೆಸ್ಟರ್‌ನಲ್ಲಿ ‘ವ್ಯಾಲಿಡ್’ (ರೂಲ್ ಬೈಯಬಾರದ ಕೋಡ್) ಕಡೆಗೆ ಹೆಚ್ಚು ಬರೀರಿ. ಸ್ಪ್ರೆಡ್, ಮ್ಯಾಪ್, ಟೂಲ್‌ಟಿಪ್, ನಾನ್-ಬ್ರೇಕಿಂಗ್ ಸ್ಪೇಸ್, ಬೇರೆ ಪ್ಯಾಕೇಜ್‌ನ ಸ್ಟ್ಯಾಕ್, ಎರಡು ಮಕ್ಕಳ ಫ್ರಾಗ್ಮೆಂಟ್, ಮಾರ್ಜಿನ್ ಇರೋ ಒಳ ಬಾಕ್ಸ್: ಈ ಏಳೂ ಸುಮ್ಮನೆ ದಾಟಿ ಹೋಗಬೇಕು.

ಡಬ್ಬಿಯೊಳಗೆಡಬ್ಬಿ

ಆರು ದಾಟಿದವು. ಫ್ರಾಗ್ಮೆಂಟ್ ಕೇಸ್ ಬಿತ್ತು, ಅದರ ಮಕ್ಕಳನ್ನ ಸೋಸದೇ ಎಣಿಸಿ 5 ಅಂದ್ಕೊಂಡಿದೆ ಅಂತ ನೋಡಿದ್ರೆ ಅದೂ ಅಲ್ಲ, ಫ್ರಾಗ್ಮೆಂಟನ್ನೇ ಒಂದು ಮಗು ಅಂತ ಎಣಿಸ್ತಿದೆ.

ಮೂರನೇಬ್ರಾಕೆಟ್

ಖಾಲಿ ಟ್ಯಾಗ್‌ನದ್ದಾ, ‘ರಿಯಾಕ್ಟ್.ಫ್ರಾಗ್ಮೆಂಟ್’ ಅಂತ ಪೂರ್ತಿ ಬರೆದದ್ದಾ? ಎರಡನೆಯದು ‘ಜೆಎಸ್‌ಎಕ್ಸ್‌ಫ್ರಾಗ್ಮೆಂಟ್’ ನೋಡ್ ಅಲ್ಲ, ಮಾಮೂಲಿ ‘ಜೆಎಸ್‌ಎಕ್ಸ್‌ಎಲಿಮೆಂಟ್’. ಹೆಸರು ಮೆಂಬರ್ ಎಕ್ಸ್‌ಪ್ರೆಶನ್ ಆಗಿರುತ್ತೆ, ಬೇರೆಯಾಗಿ ನೋಡಬೇಕು.

ಡಬ್ಬಿಯೊಳಗೆಡಬ್ಬಿ

ಪೂರ್ತಿ ಬರೆದದ್ದೇ. ಏಳೂ ಹಸಿರು.